ಗಾಯ ಉಳಿಸಿಕೊಂಡು ಎದ್ದವನು: ಪುನರುತ್ಥಾನದ ನಂಬಿಕೆ ಮತ್ತು ಕ್ರೈಸ್ತರ ಸಮಾಧಾನ



ನಮ್ಮಲ್ಲಿ ದತ್ತಿ ಉಪನ್ಯಾಸಗಳು ಬಹುಪಾಲು ತೀರಿಕೊಂಡವರ ಹೆಸರಿನಲ್ಲೇ ನಡೆಯುತ್ತವೆ. ಅಪ್ಪನ ನೆನಪಿಗೆ ಮಗಳು, ಹೆಂಡತಿಯ ನೆನಪಿಗೆ ಗಂಡ, ಮೇಷ್ಟ್ರ ನೆನಪಿಗೆ ಶಿಷ್ಯರು ಬ್ಯಾಂಕಿನಲ್ಲಿ ಒಂದಿಷ್ಟು ಹಣ ಇಡುತ್ತಾರೆ. ಅದರ ಬಡ್ಡಿಯಲ್ಲಿ ನನ್ನಂಥವರು ಬಂದು ಮಾತಾಡಿ, ಶಾಲು ಹೊದೆಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ಊರಿಗೆ ಹೋಗುತ್ತೇವೆ. ಹೋದವರ ವಿಷಯ ಮಾತ್ರ ವೇದಿಕೆಯ ಮೇಲೆ ಎರಡು ವಾಕ್ಯಕ್ಕೆ ಮುಗಿದುಹೋಗುತ್ತದೆ. ಇವತ್ತು ಹಾಗಾಗುವುದಿಲ್ಲ, ಯಾಕೆಂದರೆ ಸಂಘಟಕರು ಕೊಟ್ಟಿರುವ ವಿಷಯವೇ ಸಾವು ಮತ್ತು ಅದರಾಚೆಯ ಭರವಸೆ.

ಇಂಥ ವಿಷಯಕ್ಕೇ ಮೀಸಲಾದ ದತ್ತಿಯೊಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದೆ. ಕ್ಯಾರೊಲಿನ್ ಹ್ಯಾಸ್ಕೆಲ್ ಇಂಗರ್ಸಾಲ್ ಎಂಬಾಕೆ ತನ್ನ ತಂದೆಯ ನೆನಪಿಗೆಂದು ಉಯಿಲಿನಲ್ಲಿ 5,000 ಡಾಲರ್ ಬರೆದಿಟ್ಟು 1893ರಲ್ಲಿ ತೀರಿಕೊಂಡರು. ಮನುಷ್ಯನ ಅಮರತ್ವದ ಮೇಲೆ ಉಪನ್ಯಾಸ ನಡೆಯಬೇಕು ಎಂಬುದು ಷರತ್ತು. ತತ್ವಜ್ಞಾನಿ ವಿಲಿಯಂ ಜೇಮ್ಸ್ ಅಲ್ಲಿ ಮಾತಾಡಿದ್ದಾರೆ. 1955ರಲ್ಲಿ ಆ ವೇದಿಕೆ ಹತ್ತಿದವರು ಬಾಸೆಲಿನಲ್ಲಿ ಪ್ರಾಧ್ಯಾಪಕರಾಗಿದ್ದ ಬೈಬಲ್ ವಿದ್ವಾಂಸ ಆಸ್ಕರ್ ಕುಲ್‌ಮನ್. ಅವರು ಮಾಡಿದ ಕೆಲಸ ಸ್ವಲ್ಪ ಎಡವಟ್ಟಿನದು. ಅಮರತ್ವದ ದತ್ತಿಯಲ್ಲಿ ನಿಂತು, ಹೊಸ ಒಡಂಬಡಿಕೆ ಆತ್ಮದ ಅಮರತ್ವವನ್ನು ಬೋಧಿಸುವುದೇ ಇಲ್ಲ, ಅದು ಹೇಳುವುದು ಸತ್ತವರ ಪುನರುತ್ಥಾನವನ್ನು ಎಂದುಬಿಟ್ಟರು.

ತಮ್ಮ ಮಾತಿಗೆ ಅವರು ಎರಡು ಸಾವುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಸಾಕ್ರೆಟಿಸ್ ವಿಷದ ಬಟ್ಟಲು ಕೈಗೆ ಬಂದಾಗ ನೆಮ್ಮದಿಯಾಗಿ ಕುಡಿದ, ಅಳುತ್ತಿದ್ದ ಗೆಳೆಯರನ್ನು ಗದರಿಸಿದ. ದೇಹವೆಂಬ ಸೆರೆಮನೆಯಿಂದ ಆತ್ಮ ಹೊರಬೀಳುವುದಕ್ಕೆ ಅಳುವುದೇಕೆ? ಯೇಸುವೋ ಗೆತ್ಸೆಮನೆ ತೋಟದಲ್ಲಿ ನಡುಗಿದ. ಒಬ್ಬನೇ ಇರಲಾರೆ, ನನ್ನ ಜೊತೆ ಎಚ್ಚರವಾಗಿರಿ ಎಂದು ಶಿಷ್ಯರನ್ನು ಬೇಡಿಕೊಂಡ. ಶಿಲುಬೆಯ ಮೇಲೆ ಕೂಗಿ ಪ್ರಾಣ ಬಿಟ್ಟ. ಒಬ್ಬನಿಗೆ ಸಾವು ಗೆಳೆಯ, ಇನ್ನೊಬ್ಬನಿಗೆ ಹಗೆ. ಉಪನ್ಯಾಸ ಅಚ್ಚಾದ ಮೇಲೆ ಹಲವು ಓದುಗರು ಸಿಟ್ಟಾದರು. ತಮ್ಮ ಯಾವ ಬರಹಕ್ಕೂ ಇಷ್ಟು ಮೆಚ್ಚುಗೆ, ಇಷ್ಟು ವಿರೋಧ ಬಂದಿರಲಿಲ್ಲವೆಂದು ಕುಲ್‌ಮನ್ ಮುನ್ನುಡಿಯಲ್ಲೇ ಹೇಳಿಕೊಂಡಿದ್ದಾರೆ. ಮಗುವನ್ನೋ ಗಂಡನನ್ನೋ ಕಳೆದುಕೊಂಡು 'ಅವರ ಆತ್ಮ ಚಿರವಾಗಿದೆ' ಎಂಬ ಮಾತನ್ನು ನೆಚ್ಚಿ ಬದುಕುತ್ತಿದ್ದವರಿಗೆ ಇದು ಕೈಗೋಲು ಕಿತ್ತುಕೊಂಡ ಹಾಗೆ ಕಂಡಿರಬೇಕು.

ಕುಲ್‌ಮನ್ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ರೈಸ್ತರಿಗೆ ಸಿಗುವ ಸಮಾಧಾನದ ಮೂಲವೇ ಈ ಕಸಿವಿಸಿಯ ಮಾತಿನಲ್ಲಿದೆ ಎಂದು ತೋರಿಸುವುದು ಇವತ್ತಿನ ನನ್ನ ಉದ್ದೇಶ. ಅವರ ಭರವಸೆ ದೇಹವನ್ನು ಬಿಟ್ಟು ಹಾರಿಹೋಗುವುದರ ಮೇಲೆ ನಿಂತಿಲ್ಲ. ಗಾಯಗೊಂಡ, ಅವಮಾನಗೊಂಡ, ಮಣ್ಣಿಗೆ ಹೋದ ಈ ದೇಹವನ್ನೇ ದೇವರು ಕೈಬಿಡುವುದಿಲ್ಲ ಎಂಬುದರ ಮೇಲೆ ನಿಂತಿದೆ.

ಈ ಮಣ್ಣಿನ ಕಿವಿಗೆ ಇದು ಸ್ವಲ್ಪ ವಿಚಿತ್ರ. ಆತ್ಮಕ್ಕೆ ಸಾವಿಲ್ಲ ಎಂಬ ಗೀತೆಯ ಮಾತನ್ನು ಮಗುವಾಗಿದ್ದಾಗಿನಿಂದ ಕೇಳಿದವರು ನಾವು. ಸತ್ತವನು ಎದ್ದ ಕಥೆಯೂ ನಮಗೆ ಹೊಸದಲ್ಲ. ಸಾವಿತ್ರಿ ಯಮನ ಬೆನ್ನು ಹತ್ತಿ ಗಂಡನ ಜೀವ ಮರಳಿ ತಂದಳು. ನಾನೂರು ವರ್ಷದ ಆಯುಸ್ಸೂ ಸಿಕ್ಕಿತು ಎನ್ನುತ್ತದೆ ಮಹಾಭಾರತ. ಆದರೆ ನಾನೂರು ವರ್ಷ ಕಳೆದ ಮೇಲೆ ಸತ್ಯವಾನ ಮತ್ತೆ ಸಾಯಲೇಬೇಕು. ಬೈಬಲಿನ ಲಾಜರನದೂ ಇದೇ ಪಾಡು. ನಾಲ್ಕು ದಿನ ಗವಿಯಲ್ಲಿದ್ದವನು ಎದ್ದು ಬಂದ, ಅವನ ಮನೆಯವರು ಅವನನ್ನು ಇನ್ನೊಮ್ಮೆ ಹೂಳಬೇಕಾಯಿತು. ಯೇಸುವಿನ ಪುನರುತ್ಥಾನ ಎಂದು ಕ್ರೈಸ್ತರು ಹೇಳುವಾಗ ಇಂಥ ಮರುಜೀವದ ಮಾತಾಡುವುದಿಲ್ಲ. ಸಾವು ಇನ್ನು ಮುಟ್ಟಲಾರದ ಬದುಕು ಅದು, ಆದರೂ ಅದೇ ದೇಹದ್ದು.

ಈ ನಂಬಿಕೆ ಎಲ್ಲಿಂದ ಹುಟ್ಟಿತು? ಸಾವಿನ ಭಯದಿಂದ ಎಂದು ಸುಲಭವಾಗಿ ಹೇಳುವವರಿದ್ದಾರೆ. ಬೈಬಲನ್ನು ಓದಿದರೆ ಬೇರೆಯೇ ಕಾಣುತ್ತದೆ. ಹಳೆಯ ಒಡಂಬಡಿಕೆಯ ಬಹುಭಾಗಕ್ಕೆ ಸತ್ತ ಮೇಲಿನ ಬದುಕಿನ ಬಗ್ಗೆ ಹೆಚ್ಚಿನ ಆಸಕ್ತಿಯೇ ಇಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ನಾಲ್ಕನೆಯ ಅಂತಿಯೋಕ ಎಂಬ ಗ್ರೀಕ್ ದೊರೆ ಯೆಹೂದ್ಯರ ಧರ್ಮಾಚರಣೆಯನ್ನು ನಿಷೇಧಿಸಿ, ಮೀರಿದವರನ್ನು ಕೊಲ್ಲತೊಡಗಿದಾಗ ಪ್ರಶ್ನೆ ಎದ್ದಿತು. ದೇವರ ಮಾತು ಪಾಲಿಸಿದ್ದಕ್ಕೇ ಸತ್ತವರಿಗೆ ನ್ಯಾಯ ಎಲ್ಲಿ? ಮಕ್ಕಬಿಯರ ಎರಡನೆಯ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಏಳು ಮಂದಿ ಅಣ್ಣತಮ್ಮಂದಿರೂ ಅವರ ತಾಯಿಯೂ ಹಂದಿಮಾಂಸ ತಿನ್ನಲೊಲ್ಲದೆ ಸಾಯುವ ಕಥೆಯಿದೆ. ಮೂರನೆಯವನು ಕತ್ತರಿಸಲು ಬಂದವರ ಮುಂದೆ ತಾನೇ ನಾಲಗೆ ಚಾಚಿ, ಕೈ ನೀಡುತ್ತಾನೆ. ಇವು ಪರಲೋಕದಿಂದ ಬಂದವು, ಅಲ್ಲಿಂದಲೇ ತಿರುಗಿ ಪಡೆಯುತ್ತೇನೆ ಎಂಬ ಅರ್ಥದ ಮಾತಾಡುತ್ತಾನೆ. ಅವನು ಕೇಳುವುದು ಕೈಯನ್ನೇ, ನಾಲಗೆಯನ್ನೇ. ಕೊಂದವನ ಮಾತು ಕೊನೆಯ ಮಾತಾಗಬಾರದು ಎಂಬ ಹಟದಲ್ಲಿ ಈ ಭರವಸೆ ಹುಟ್ಟಿತು. ಮುಂದೆ ಫರಿಸಾಯರು ಅದನ್ನು ಒಪ್ಪಿದರು. ದೇವಾಲಯದ ಅಧಿಕಾರ, ಆಸ್ತಿ ಕೈಯಲ್ಲಿದ್ದ ಸದ್ದುಕಾಯರು ಒಪ್ಪಲಿಲ್ಲ. ಅವರಿಗೆ ಈ ಲೋಕವೇ ಸಾಕಾಗಿತ್ತು.

ಕ್ರೈಸ್ತರಿಗೆ ಬರೋಣ. ಹೊಸ ಒಡಂಬಡಿಕೆಯ ಬರಹಗಳಲ್ಲಿ ಅತಿ ಹಳೆಯದೆಂದು ಬಹುಪಾಲು ವಿದ್ವಾಂಸರು ಎಣಿಸುವುದು ಸಂತ ಪೌಲ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರವನ್ನು, ಸುಮಾರು ಕ್ರಿ.ಶ. 50ರದು. ಅಂದರೆ ಕ್ರೈಸ್ತರ ಮೊಟ್ಟಮೊದಲ ಬರಹದಲ್ಲೇ ಒಂದು ಸೂತಕದ ಮನೆಯಿದೆ. ಯೇಸು ಬೇಗ ಮರಳಿ ಬರುತ್ತಾನೆಂದು ಕಾದಿದ್ದ ಆ ಊರಿನ ಹೊಸ ಭಕ್ತರಲ್ಲಿ ಕೆಲವರು ತೀರಿಕೊಂಡಿದ್ದರು. ಉಳಿದವರಿಗೆ ದಿಗಿಲು: ನಮ್ಮವರು ಸತ್ತರಲ್ಲ, ಅವರು ಹಿಂದೆ ಉಳಿದುಬಿಟ್ಟರೇ? ಪೌಲ ಕೊಡುವ ಉತ್ತರವನ್ನು ನಮ್ಮ ಎಷ್ಟೋ ಪ್ರಸಂಗಗಳಲ್ಲಿ ತಪ್ಪಾಗಿ ಉಲ್ಲೇಖಿಸುತ್ತಾರೆ. ದುಃಖಪಡಬೇಡಿ ಎಂದು ಅವನು ಹೇಳುವುದಿಲ್ಲ. ಭರವಸೆ ಇಲ್ಲದವರ ಹಾಗೆ ದುಃಖಪಡಬೇಡಿ ಎನ್ನುತ್ತಾನೆ. ಅಳುವುದಕ್ಕೆ ಅಲ್ಲಿ ಜಾಗವಿದೆ. ಲಾಜರನ ಸಮಾಧಿಯ ಮುಂದೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸಲಿದ್ದ ಯೇಸುವೇ ಅತ್ತನಲ್ಲ. ಸಾವಿನ ಮನೆಗೆ ಬಂದು 'ಅಳಬಾರದು, ಅವರು ದೇವರ ಬಳಿ ಇದ್ದಾರೆ' ಎಂದು ವಿಧವೆಯ ಬಾಯಿ ಮುಚ್ಚಿಸುವ ಹಿರಿಯರಿಗೆ ಈ ಎರಡು ಅಧ್ಯಾಯಗಳನ್ನು ಓದಿಸಬೇಕು.

ಸುವಾರ್ತೆಗಳಲ್ಲಿ ಪುನರುತ್ಥಾನದ ಬೆಳಗು ನಾವು ಹಬ್ಬದ ಕಾರ್ಡುಗಳಲ್ಲಿ ನೋಡುವಷ್ಟು ಸಲೀಸಾಗಿಲ್ಲ. ಮಾರ್ಕನ ಅತಿ ಹಳೆಯ ಪ್ರತಿಗಳು ಮುಗಿಯುವುದು ಸಮಾಧಿಯಿಂದ ಓಡಿಹೋದ ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೆ. ಯೊವಾನ್ನನ ಸುವಾರ್ತೆಯಲ್ಲಿ ಮಗ್ದಲದ ಮರಿಯಳು ಎದ್ದವನನ್ನು ತೋಟದವನೆಂದು ತಿಳಿದು, ಹೆಣ ಎಲ್ಲಿಟ್ಟಿದ್ದೀಯ ಹೇಳು, ನಾನು ತೆಗೆದುಕೊಂಡು ಹೋಗುತ್ತೇನೆ ಎಂದು ಅಂಗಲಾಚುತ್ತಾಳೆ. ಶಿಷ್ಯರು ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಹೊರಗಿನವರ ಭಯ ಒಂದು ಕಡೆ, ಗುರುವನ್ನು ಬಿಟ್ಟು ಓಡಿದ ನಾಚಿಕೆ ಇನ್ನೊಂದು ಕಡೆ. ಅಲ್ಲಿಗೆ ಬಂದವನು ಮೊದಲು ಆಡುವುದು ಶಾಂತಿಯ ಮಾತು. ಆಡಿದ ಕೂಡಲೇ ಕೈಯನ್ನೂ ಪಕ್ಕೆಯನ್ನೂ ತೋರಿಸುತ್ತಾನೆ. ಸಾವನ್ನು ಗೆದ್ದ ದೇಹದಲ್ಲಿ ಮೊಳೆಯ ತೂತು ಹಾಗೇ ಇದೆ. ಒಂದು ವಾರದ ಮೇಲೆ ತೋಮನಿಗೆ ಬೆರಳಿಟ್ಟು ನೋಡು ಎನ್ನುವುದೂ ಅದನ್ನೇ. ದೇವರಿಗೆ ಆ ಗಾಯಗಳನ್ನು ಅಳಿಸುವುದು ಕಷ್ಟವಿರಲಿಲ್ಲ. ಅಳಿಸಲಿಲ್ಲ ಎಂಬುದರ ಮೇಲೆ ಎರಡು ಸಾವಿರ ವರ್ಷದಿಂದ ಕ್ರೈಸ್ತರು ಧ್ಯಾನಿಸುತ್ತ ಬಂದಿದ್ದಾರೆ.

ಯೊವಾನ್ನನಲ್ಲಿ ಇದರ ಮುಂದಿನ ಅಧ್ಯಾಯ ನನಗೆ ಇಡೀ ಬೈಬಲಿನಲ್ಲಿ ಅಚ್ಚುಮೆಚ್ಚು. ತಿಬೇರಿಯ ಸರೋವರದ ದಂಡೆ. ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದೆ ಬಂದ ಶಿಷ್ಯರಿಗೆ ದಡದಿಂದ ಒಬ್ಬ ದೋಣಿಯ ಬಲಗಡೆ ಬೀಸಿ ಎನ್ನುತ್ತಾನೆ; 153 ಮೀನು ಬೀಳುತ್ತವೆ. ದಡಕ್ಕೆ ಬಂದರೆ ಕೆಂಡದ ಮೇಲೆ ಮೀನು ಬೇಯುತ್ತಿದೆ, ಪಕ್ಕದಲ್ಲಿ ರೊಟ್ಟಿ. ಸಾವನ್ನು ಗೆದ್ದು ಬಂದವನು ಹಸಿದವರಿಗೆ ತಿಂಡಿ ಮಾಡಿಟ್ಟಿದ್ದಾನೆ. ತಿಂದಾದ ಮೇಲೆ ಪೇತ್ರನನ್ನು ಮೂರು ಸಲ ಕೇಳುತ್ತಾನೆ, ನಿನಗೆ ನನ್ನ ಮೇಲೆ ಪ್ರೀತಿ ಇದೆಯಾ ಎಂದು. ಕೆಲವೇ ದಿನಗಳ ಹಿಂದೆ ಮಹಾಯಾಜಕನ ಅಂಗಳದಲ್ಲಿ, ಚಳಿ ಕಾಯಿಸಿಕೊಳ್ಳುತ್ತ, ಇಂಥದೇ ಕೆಂಡದ ಮುಂದೆ ನಿಂತು ಪೇತ್ರ ಅವನು ಯಾರೋ ನನಗೆ ಗೊತ್ತಿಲ್ಲ ಎಂದು ಮೂರು ಸಲ ಹೇಳಿದ್ದ. ಬೆಂಕಿಯನ್ನು ಎರಡು ಕಡೆಯೂ ಹೆಸರಿಟ್ಟು ಹೇಳಿದ ಸುವಾರ್ತೆಗಾರ ಮಾತ್ರ ವಿವರಣೆಗೆ ಇಳಿಯುವುದಿಲ್ಲ.

ಈ ಕೆಂಡದ ಪ್ರಸಂಗವನ್ನು ನಾನು ಎತ್ತಿದ್ದಕ್ಕೆ ಕಾರಣವಿದೆ. ಸಾವಿನ ಮನೆಗಳಲ್ಲಿ ಕೂತವರಿಗೆ ಗೊತ್ತು, ದುಃಖದ ಅಡಿಯಲ್ಲಿ ಇನ್ನೊಂದು ಇರುತ್ತದೆ. ಜಪಮಾಲೆ ಮುಗಿದು, ಜನ ಕರಗಿ, ಚಹಾ ಲೋಟಗಳನ್ನು ತೊಳೆದಿಟ್ಟ ಮೇಲೆ ಅದು ಬಾಯಿಗೆ ಬರುತ್ತದೆ. ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಆ ದಿನ ಫೋನ್ ಮಾಡಿದ್ದರು, ನಾನು ಎತ್ತಲಿಲ್ಲ. ಆಸ್ತಿಯ ವಿಷಯಕ್ಕೆ ಎರಡು ವರ್ಷ ಮಾತು ಬಿಟ್ಟಿದ್ದೆ. ಸತ್ತವರ ಜೊತೆ ಜಗಳ ತೀರಿಸಿಕೊಳ್ಳುವುದು ಹೇಗೆ? ಆತ್ಮ ಶಾಶ್ವತ ಎಂಬ ತತ್ವ ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ. ಪೇತ್ರನ ಕಥೆ ಮುಟ್ಟುತ್ತದೆ. ಅವನು ಯಾರಿಗೆ ದ್ರೋಹ ಮಾಡಿದ್ದನೋ ಅವನೇ ಎದುರು ಬಂದು, ತಿಂಡಿ ಕೊಟ್ಟು, ಮಾತನ್ನು ಮತ್ತೆ ಎತ್ತಿದ. ನಾವೂ ಒಂದು ದಿನ ಮುಖಾಮುಖಿ ಆಗುತ್ತೇವೆ, ಆಡದೆ ಉಳಿದದ್ದನ್ನು ಆಡುತ್ತೇವೆ ಎಂದು ನಂಬುವವರಿಗೆ ಸತ್ತವರ ಜೊತೆಗಿನ ಲೆಕ್ಕ ಮುಚ್ಚಿಹೋದದ್ದಾಗಿ ಕಾಣುವುದಿಲ್ಲ. ಕ್ರೈಸ್ತರ ಸಮಾಧಾನದಲ್ಲಿ ಈ ಕ್ಷಮೆಯ ಪಾಲು ಎಷ್ಟು ದೊಡ್ಡದೆಂದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಒಳಗಿನವರೂ ಮರೆಯುತ್ತಾರೆ.

ಈ ನಂಬಿಕೆ ಸಾವಿನ ಮನೆಯಲ್ಲಿ ಹೇಗಿರುತ್ತದೆಂದು ನೋಡಲು ಓಸ್ತಿಯಕ್ಕೆ ಹೋಗೋಣ. ರೋಮಿನ ಹೊರಗಿನ ಬಂದರು ಪಟ್ಟಣ, 387ನೆಯ ಇಸವಿ. ಮುಂದೆ ಸಂತನೆನಿಸಿದ, ಆಗ ಮೂವತ್ತಮೂರನೆಯ ವರ್ಷದಲ್ಲಿದ್ದ ಅಗಸ್ಟೀನ ತಾಯಿ ಮೋನಿಕಳ ಜೊತೆ ಆಫ್ರಿಕಕ್ಕೆ ಹಡಗು ಹತ್ತಲು ಕಾದಿದ್ದಾನೆ. ತಾಯಿಗೆ ಜ್ವರ ಬಂತು, ಒಂಬತ್ತನೆಯ ದಿನ ತೀರಿಕೊಂಡಳು. ಅವಳಿಗೆ ಊರಾದ ಥಗಾಸ್ತೆಯಲ್ಲಿ ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂಬ ಬಹಳ ದಿನದ ಆಸೆ; ಜಾಗವನ್ನೂ ಗೊತ್ತುಮಾಡಿ ಇಟ್ಟುಕೊಂಡಿದ್ದಳು. ಕೊನೆಗಾಲದಲ್ಲಿ ಮಕ್ಕಳಿಗೆ ಈ ದೇಹವನ್ನು ಎಲ್ಲಾದರೂ ಹೂಳಿ, ಅದರ ಚಿಂತೆ ಬೇಡ ಎಂದಳು. ಊರಿಂದ ಇಷ್ಟು ದೂರ ದೇಹ ಬಿಡಲು ಭಯವಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, ದೇವರಿಗೆ ಯಾವುದೂ ದೂರವಲ್ಲ, ಲೋಕದ ಕೊನೆಯಲ್ಲಿ ನನ್ನನ್ನು ಎಲ್ಲಿಂದ ಎಬ್ಬಿಸಬೇಕೆಂದು ಅವನಿಗೆ ತಿಳಿಯದೆ ಹೋಗುತ್ತದೆಂಬ ಅಂಜಿಕೆ ನನಗಿಲ್ಲ ಎಂಬರ್ಥದಲ್ಲಿ ಉತ್ತರಿಸಿದಳಂತೆ. ಪರದೇಶದಲ್ಲಿ ಸಾಯುವ ತಾಯಿಯ ಈ ನಿರಾಳತೆ ಪುನರುತ್ಥಾನದ ನಂಬಿಕೆಯಿಂದ ನೇರವಾಗಿ ಬಂದದ್ದು. ಮಕ್ಕಳು ದುಬೈ, ಕುವೈತ್, ಟೊರಾಂಟೊ ಎಂದು ಚದುರಿಹೋಗಿರುವ ಕರಾವಳಿಯ ಮನೆಗಳಿಗೆ ಮೋನಿಕಳ ಮಾತು ಬೇಗ ಅರ್ಥವಾದೀತು.

ಮಗನ ಕಥೆ ಬೇರೆ. ತಾಯಿಯ ಉಸಿರು ನಿಂತಾಗ ಮೊಮ್ಮಗ ಅದೆಯೋದಾತ ಗೋಳೋ ಎಂದು ಅತ್ತ. ದೊಡ್ಡವರೆಲ್ಲ ಸೇರಿ ಸುಮ್ಮನಿರಿಸಿದರು. ನಂಬಿಕೆಯುಳ್ಳವಳ ಸಾವಿಗೆ ಗೋಳಾಡುವುದು ತರವಲ್ಲ ಎಂಬ ಭಾವನೆ. ಒಬ್ಬ ಗೆಳೆಯ ಕೀರ್ತನೆಯ ಪುಸ್ತಕ ತೆಗೆದು ಹಾಡತೊಡಗಿದ. ಅಗಸ್ಟೀನ ಕಣ್ಣೀರು ತಡೆದುಕೊಂಡು ಮಣ್ಣು ಮಾಡುವ ಜಾಗಕ್ಕೆ ಹೋಗಿ ಬಂದ. ಸ್ನಾನ ಮಾಡಿದರೆ ದುಃಖ ಇಳಿಯುತ್ತದೆಂದು ಎಲ್ಲೋ ಕೇಳಿದ್ದನಂತೆ, ಸ್ನಾನದ ಮನೆಗೂ ಹೋದ. ಏನೂ ಇಳಿಯಲಿಲ್ಲ. ಮಲಗಿ ಎದ್ದ ಮೇಲೆ, ದೇವರ ಮುಂದೆ ಒಬ್ಬನೇ ಇದ್ದಾಗ, ಕಟ್ಟೆ ಒಡೆಯಿತು. ನಂಬಿಕೆ ಗಟ್ಟಿಯಿದ್ದವನಿಗೂ ಅಳು ಬಂತು. ಆ ಅಳುವನ್ನು ಅವನು ಪಾಪನಿವೇದನೆಯ ಹಾಗೆ ಪುಸ್ತಕದಲ್ಲಿ ಬರೆದಿಟ್ಟ, ಬೇಕಾದವರು ಓದಲಿ, ಆದರೆ ನಗದಿರಲಿ ಎಂದ. ಮೋನಿಕಳ ಸಾವಿಗಿಂತ ಎಂಟು ವರ್ಷ ಮೊದಲು, 379ರಲ್ಲಿ, ನಿಸ್ಸದ ಬಿಷಪ್ ಗ್ರೆಗೊರಿ ಸಾಯುತ್ತಿದ್ದ ಅಕ್ಕ ಮಕ್ರೀನಳ ಹಾಸಿಗೆಯ ಪಕ್ಕ ಕೂತಾಗಲೂ ಆಕೆ ತಮ್ಮನನ್ನು ಮೊದಲು ಅಳಲು ಬಿಟ್ಟು, ಆಮೇಲೆಯೇ ಪುನರುತ್ಥಾನದ ಚರ್ಚೆಗೆ ಎಳೆದಳೆಂದು ಅವನೇ ಬರೆದಿದ್ದಾನೆ. 1945ರಲ್ಲಿ ಓಸ್ತಿಯದ ಚರ್ಚಿನ ಪಕ್ಕ ಇಬ್ಬರು ಹುಡುಗರು ಆಟದ ಕಂಬ ನೆಡಲು ಗುಂಡಿ ತೋಡುವಾಗ ಮೋನಿಕಳ ಸಮಾಧಿಲೇಖದ ಕಲ್ಲಿನ ತುಂಡೊಂದು ಸಿಕ್ಕಿತು. ಎಲ್ಲಿಂದ ಎಬ್ಬಿಸಬೇಕೆಂಬುದು ನಮಗೂ ಸ್ವಲ್ಪ ತಿಳಿದಂತಾಯಿತು.

ದೇಹಕ್ಕೆ ಇಷ್ಟು ಬೆಲೆ ಕೊಟ್ಟ ನಂಬಿಕೆಯನ್ನು ದೇಹದ ಮೂಲಕವೇ ಹೊಡೆಯಲು ವೈರಿಗಳು ನೋಡಿದ್ದೂ ಉಂಟು. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನಿನಲ್ಲಿ ಕ್ರೈಸ್ತರನ್ನು ಕೊಂದ ಮೇಲೆ ಹೆಣಗಳನ್ನು ದಿನಗಟ್ಟಲೆ ಬಯಲಲ್ಲಿ ಇಟ್ಟು, ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿದರು. ಇವರಿಗೆ ಏಳುವ ಆಸೆಯೇ ಉಳಿಯಬಾರದು ಎಂದು. ಆ ಸಭೆಯವರು ಬರೆದ ಪತ್ರವನ್ನು ಇತಿಹಾಸಕಾರ ಯೂಸೇಬಿಯ ಉಳಿಸಿಕೊಟ್ಟಿದ್ದಾನೆ. ಹೂಳಲಾಗಲಿಲ್ಲ ಎಂಬ ಸಂಕಟ ಅದರಲ್ಲಿದೆ, ಭರವಸೆ ಹೋಯಿತು ಎಂಬ ಮಾತಿಲ್ಲ. ಇದೇ ಯೂಸೇಬಿಯನ ಗ್ರಂಥದಲ್ಲಿ ಮೂರನೆಯ ಶತಮಾನದ ಅಲೆಕ್ಸಾಂಡ್ರಿಯದ ವರದಿಯಿದೆ. ಪಿಡುಗು ಬಡಿದಾಗ ಕ್ರೈಸ್ತರು ರೋಗಿಗಳ ಶುಶ್ರೂಷೆ ಮಾಡಿ, ಸತ್ತವರ ಕಣ್ಣು ಬಾಯಿ ಮುಚ್ಚಿ, ಹೆಗಲ ಮೇಲೆ ಹೊತ್ತು, ತೊಳೆದು ಬಟ್ಟೆ ಸುತ್ತಿ ಹೂಳಿದರು, ಸ್ವಲ್ಪ ದಿನದಲ್ಲೇ ತಾವೂ ಅದೇ ರೋಗಕ್ಕೆ ಸತ್ತರು ಎಂದು ಅಲ್ಲಿನ ಬಿಷಪ್ ದಿಯೊನೀಸಿಯ ಬರೆಯುತ್ತಾನೆ. ಬಿಷಪ್ಪನ ಮಾತಿನಲ್ಲಿ ಸ್ವಂತ ಪಂಗಡದ ಹೊಗಳಿಕೆ ಇರಬಹುದು. ಆದರೆ ಕ್ರೈಸ್ತ ಧರ್ಮವನ್ನು ಬಿಟ್ಟು ಹಳೆಯ ದೇವತೆಗಳನ್ನು ಮರಳಿ ಪ್ರತಿಷ್ಠಾಪಿಸಲು ಹೊರಟ ಚಕ್ರವರ್ತಿ ಜೂಲಿಯನನಿಗೆ ಹೊಗಳುವ ಹಂಗಿರಲಿಲ್ಲ. 360ರ ದಶಕದಲ್ಲಿ ಅವನು ತನ್ನ ಅರ್ಚಕನೊಬ್ಬನಿಗೆ ಬರೆದ ಪತ್ರದಲ್ಲಿ, ಅಪರಿಚಿತರಿಗೆ ತೋರುವ ದಯೆ, ಸತ್ತವರ ಸಮಾಧಿಗೆ ತೋರುವ ಕಾಳಜಿ, ಇವುಗಳಿಂದಲೇ ಆ ಜನ ಬೆಳೆದರು, ನಾವೂ ಇದನ್ನು ಕಲಿಯಬೇಕು ಎಂಬ ಧಾಟಿಯಲ್ಲಿ ಗೊಣಗುತ್ತಾನೆ. ಭರವಸೆ ಮನಸ್ಸಿನೊಳಗಿನ ಬೆಚ್ಚನೆಯ ಭಾವನೆಯಾಗಿ ಮಾತ್ರ ಉಳಿದಿದ್ದರೆ ಜೂಲಿಯನನ ಕಣ್ಣಿಗೆ ಬೀಳುತ್ತಿರಲಿಲ್ಲ.

ಗಾಯದ ವಿಷಯಕ್ಕೆ ಮತ್ತೆ ಬರಲು ಒಂದು ಚಿತ್ರದ ಮುಂದೆ ನಿಲ್ಲೋಣ. ಮಧ್ಯಯುಗದ ಯುರೋಪಿನಲ್ಲಿ 'ಸಂತ ಅಂತೋಣಿಯ ಬೆಂಕಿ' ಎಂಬ ರೋಗವಿತ್ತು. ರೈ ಎಂಬ ಧಾನ್ಯದ ತೆನೆಗೆ ಹತ್ತುವ ಒಂದು ಬೂಷ್ಟು ಹಿಟ್ಟಿನಲ್ಲಿ ಬೆರೆತು ಹೊಟ್ಟೆಗೆ ಹೋದರೆ ರಕ್ತನಾಳ ಬಿಗಿದುಕೊಂಡು, ಕೈಕಾಲು ಉರಿದು, ಕಪ್ಪಾಗಿ ಕೊಳೆಯುತ್ತಿತ್ತು. ಕೊನೆಗೆ ಕತ್ತರಿಸಬೇಕಾಗುತ್ತಿತ್ತು. ಬಡವರ ರೊಟ್ಟಿಯಿಂದ ಬರುವ ರೋಗ. ಅಂತೋಣಿಯ ಸಭೆಯ ಸನ್ಯಾಸಿಗಳು ಇಂಥವರಿಗೆಂದೇ ಆಸ್ಪತ್ರೆ ನಡೆಸುತ್ತಿದ್ದರು. ಆಲ್ಸಾಸಿನ ಇಸೆನ್‌ಹೈಮ್ ಮಠದಲ್ಲಿ ಮಥಿಯಾಸ್ ಗ್ರೂನೆವಾಲ್ಡ್ ಎಂಬ ಚಿತ್ರಕಾರ ಸುಮಾರು 1512ರಿಂದ 1516ರ ನಡುವೆ ಒಂದು ದೊಡ್ಡ ಪೀಠಚಿತ್ರ ಬರೆದ. ಬಾಗಿಲುಗಳ ಹಾಗೆ ತೆರೆದು ಮುಚ್ಚುವ ಹಲಗೆಗಳು. ಈಗ ಅದು ಕೋಲ್ಮಾರಿನ ಉಂಟರ್‌ಲಿಂಡನ್ ವಸ್ತುಸಂಗ್ರಹಾಲಯದಲ್ಲಿದೆ.

ಹಲಗೆ ಮುಚ್ಚಿದ್ದಾಗ ಕಾಣುವುದು ಶಿಲುಬೆ. ಮೈತುಂಬ ಮುಳ್ಳು ನಾಟಿ, ಹುಣ್ಣೆದ್ದು, ಹಸಿರುಗಟ್ಟಿದ ಚರ್ಮ, ಸೆಟೆದ ಬೆರಳು. ಕೆಳಗಿನ ಪಟ್ಟಿಯಲ್ಲಿ ಹೆಣವನ್ನು ಸಮಾಧಿಗೆ ಇಳಿಸುತ್ತಿದ್ದಾರೆ. ಆ ಹಲಗೆಯೂ ನಡುವಿನಿಂದ ಸರಿದಾಗ ಯೇಸುವಿನ ಕಾಲು ಮೈಯಿಂದ ಬೇರಾದಂತೆ ಕಾಣುತ್ತದೆ, ಕಾಲು ಕಳೆದುಕೊಂಡವರು ಅದನ್ನು ತಮ್ಮದೇ ಎಂದು ನೋಡಿದ್ದಾರು ಎನ್ನುವ ಕಲಾ ಇತಿಹಾಸಕಾರರಿದ್ದಾರೆ. ಹಬ್ಬದ ದಿನ ಹೊರ ಹಲಗೆ ತೆರೆದರೆ ಬಲಗಡೆ ಪುನರುತ್ಥಾನ. ಕತ್ತಲ ಆಕಾಶದಲ್ಲಿ ಹಳದಿ, ಕೇಸರಿ, ನೀಲಿ ಬೆರೆತ ದೊಡ್ಡ ಬೆಳಕಿನ ಗುಂಡು. ಅದರೊಳಗೆ ಎದ್ದವನ ಮುಖ ಬೆಳಕಲ್ಲೇ ಕರಗುತ್ತಿದೆ. ಚರ್ಮ ಈಗ ಎಳೆಮಗುವಿನದರಂತೆ ನಯ, ಹುಣ್ಣುಗಳೆಲ್ಲ ಹೋಗಿವೆ. ಎತ್ತಿದ ಎರಡೂ ಅಂಗೈಗಳಲ್ಲಿ ಮೊಳೆಯ ಗಾಯ ಮಾತ್ರ ಕೆಂಪಗೆ ಉಳಿದಿದೆ. ರೋಗ ವಾಸಿಯಾಗದೆಯೇ ಸಾಯಲಿದ್ದ ಬಹಳ ಮಂದಿ ಈ ಚಿತ್ರದ ಮುಂದೆ ಬಂದಿರಬೇಕು. ವಾಸಿಮಾಡುತ್ತೇನೆಂಬ ಸುಳ್ಳು ಭಾಷೆಯನ್ನು ಚಿತ್ರಕಾರ ಕೊಡಲಿಲ್ಲ. ನಿನ್ನ ಮೈಯ ಗತಿ ಅವನ ಮೈಗೆ ಬಂದಿತ್ತು, ಅವನ ಮೈಯ ಗತಿ ನಿನ್ನದಕ್ಕೆ ಬರಲಿದೆ ಎಂಬಷ್ಟನ್ನೇ ಬರೆದ. ರೋಗಿಗೆ ಇದಕ್ಕಿಂತ ಪ್ರಾಮಾಣಿಕವಾದ ಸಾಂತ್ವನವನ್ನು ಚಿತ್ರಕಲೆಯಲ್ಲಿ ನಾನು ಕಂಡಿಲ್ಲ.

ನಮ್ಮೂರುಗಳಲ್ಲಿ ಈ ನಂಬಿಕೆ ಕಣ್ಣಿಗೆ ಕಾಣುವುದು ಒಂದು ಮೇಣದಬತ್ತಿಯಲ್ಲಿ. ಕಥೋಲಿಕ ಚರ್ಚುಗಳಲ್ಲಿ ಈಸ್ಟರ್ ಜಾಗರಣೆಯ ರಾತ್ರಿ ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಮಾಡಿ, ಅದರಿಂದ ಪಾಸ್ಖ ದೀಪ ಹೊತ್ತಿಸುತ್ತಾರೆ. ಅದರ ಮೇಲೆ ಶಿಲುಬೆ, ಗ್ರೀಕ್ ಲಿಪಿಯ ಮೊದಲ ಮತ್ತು ಕೊನೆಯ ಅಕ್ಷರ, ಆ ವರ್ಷದ ಇಸವಿ ಕೊರೆದಿರುತ್ತದೆ. ಐದು ಗಾಯಗಳ ಗುರುತಿಗೆ ಐದು ಧೂಪದ ಕಾಳು ಚುಚ್ಚುತ್ತಾರೆ. ಇಲ್ಲೂ ಗಾಯ ಬಿಟ್ಟಿಲ್ಲ, ನೋಡಿ. ವರ್ಷವಿಡೀ ಮಗುವಿನ ಜ್ಞಾನಸ್ನಾನಕ್ಕೆ ಹೊತ್ತಿಸುವುದು ಅದನ್ನೇ. ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಯ ಪಕ್ಕ ನಿಲ್ಲಿಸುವುದೂ ಅದನ್ನೇ. ಶವಪೆಟ್ಟಿಗೆಗೆ ಚಿಮುಕಿಸುವ ತೀರ್ಥ ಹುಟ್ಟಿದಾಗಿನ ಜ್ಞಾನಸ್ನಾನದ ನೆನಪು. ನವೆಂಬರ್ 2ರಂದು ಮಂಗಳೂರಿನ ಸ್ಮಶಾನಗಳಿಗೆ ಹೋಗಿ. ಹುಲ್ಲು ಕಿತ್ತು, ಕಲ್ಲು ತೊಳೆದು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚಿ ಮನೆಮಂದಿಯೆಲ್ಲ ಪಾದ್ರಿಗಳ ಆಶೀರ್ವಾದಕ್ಕೆ ಕಾದು ನಿಂತಿರುತ್ತಾರೆ. ಮಕ್ಕಳು ಮೇಣ ಕೈಗೆ ಬೀಳಿಸಿಕೊಂಡು ಆಡುತ್ತಿರುತ್ತಾರೆ, ಯಾರೂ ಗದರುವುದಿಲ್ಲ. ಹೆಣ ಸುಡುವುದನ್ನು ಶತಮಾನಗಳ ಕಾಲ ಒಪ್ಪದಿದ್ದ ಕಥೋಲಿಕ ಸಭೆ 1963ರಲ್ಲಿ ಒಪ್ಪಿತು. ಆದರೆ ಬೂದಿಯನ್ನು ಚೆಲ್ಲಬಾರದು, ಪವಿತ್ರ ಜಾಗದಲ್ಲಿ ಇಡಬೇಕು ಎಂದು 2016ರಲ್ಲಿ ರೋಮ್ ಮತ್ತೆ ತಿಳಿಸಿತು. ಬೂದಿಯಿಂದ ಎಬ್ಬಿಸಲು ದೇವರಿಗೆ ಆಗದೆಂದಲ್ಲ. ಹೋದವರು ಹೆಸರಿಲ್ಲದೆ ಕರಗಬಾರದು ಎಂದು.

ಇದೆಲ್ಲ ಸರಿ, ಆದರೆ ಪರಲೋಕದ ಆಸೆ ತೋರಿಸಿ ಬಡವರನ್ನು ಸುಮ್ಮನಿರಿಸುವ ಅಫೀಮು ಇದಲ್ಲವೇ ಎಂಬ ಪ್ರಶ್ನೆ ಈ ಸಭೆಯಲ್ಲೇ ಕೆಲವರ ಮನಸ್ಸಿನಲ್ಲಿದ್ದೀತು. ಹಾಗೆ ಬಳಸಿದವರಿದ್ದಾರೆ. ಚಾವಟಿ ಹಿಡಿದ ಒಡೆಯನೇ ಗುಲಾಮನಿಗೆ ಸ್ವರ್ಗದ ಪಾಠ ಮಾಡಿಸಿದ್ದುಂಟು. ಈ ಆಪಾದನೆಯನ್ನು ತಳ್ಳಿಹಾಕದೆ ಎದುರಿಸಿದವರಲ್ಲಿ ಜರ್ಮನ್ ದೇವಶಾಸ್ತ್ರಜ್ಞ ಯೂರ್ಗೆನ್ ಮೋಲ್ಟ್‌ಮನ್ ಮುಖ್ಯರು. 1943ರ ಜುಲೈಯಲ್ಲಿ ಹ್ಯಾಂಬರ್ಗ್ ನಗರದ ಮೇಲೆ ಬಾಂಬು ಸುರಿದಾಗ ಅವರು ಹದಿನೇಳರ ಹುಡುಗ. ವಿಮಾನ ಹೊಡೆಯುವ ತೋಪಿನ ಪಕ್ಕ ನಿಂತಿದ್ದ ಗೆಳೆಯ ಸತ್ತ, ಇವರು ಉಳಿದರು. ದೇವರ ಗಂಧವೇ ಇಲ್ಲದ ಮನೆಯಲ್ಲಿ ಬೆಳೆದ ಹುಡುಗ ಆ ರಾತ್ರಿ ಮೊದಲ ಸಲ ದೇವರೇ ಎಲ್ಲಿದ್ದೀ ಎಂದು ಕೂಗಿದನಂತೆ. ಯುದ್ಧಕೈದಿಯಾಗಿದ್ದಾಗ ಸೈನ್ಯದ ಪಾದ್ರಿಯೊಬ್ಬರು ಬೈಬಲ್ ಕೊಟ್ಟರು. ಪ್ರಲಾಪದ ಕೀರ್ತನೆಗಳನ್ನೂ ಮಾರ್ಕನ ಸುವಾರ್ತೆಯಲ್ಲಿ ಯೇಸುವಿನ ಕೊನೆಯ ಕೂಗನ್ನೂ ಓದಿ, ನನ್ನ ಪಾಡು ತಿಳಿದವನೊಬ್ಬ ಇಲ್ಲಿದ್ದಾನೆ ಅನ್ನಿಸಿತು. 1964ರಲ್ಲಿ ಅವರು ಬರೆದ 'ಭರವಸೆಯ ದೇವಶಾಸ್ತ್ರ'ದ ವಾದ ಸುಲಭವಾಗಿ ಹೇಳುವುದಾದರೆ ಇಷ್ಟು: ಪುನರುತ್ಥಾನವನ್ನು ನಂಬಿದವನಿಗೆ ಲೋಕ ಈಗಿರುವ ಹಾಗೆ ಒಗ್ಗುವುದಿಲ್ಲ. ದೇವರ ಜೊತೆ ಸಮಾಧಾನ ಸಿಕ್ಕಿದವನು ಲೋಕದ ಜೊತೆ ಕಲಹಕ್ಕೆ ಬೀಳುತ್ತಾನೆ. ಮಕ್ಕಬಿಯರ ತಾಯಿಯ ಕಥೆ ನೆನೆದರೆ ಇದು ಹೊಸ ಮಾತೂ ಅಲ್ಲ.

ಇನ್ನೊಬ್ಬ ಜರ್ಮನ್ ದೇವಶಾಸ್ತ್ರಜ್ಞ ಡೀಟ್ರಿಶ್ ಬಾನ್‌ಹಾಫರ್ ಹಿಟ್ಲರನ ಸೆರೆಯಲ್ಲಿದ್ದುಕೊಂಡು 1944ರ ಜೂನ್‌ನಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲೂ ಇದೇ ದಿಕ್ಕಿದೆ. ಪುನರುತ್ಥಾನದ ಭರವಸೆ ಮನುಷ್ಯನನ್ನು ಈ ಭೂಮಿಯ ಬದುಕಿಗೇ ಹೊಸದಾಗಿ ತಿರುಗಿ ಕಳಿಸುತ್ತದೆ ಎನ್ನುತ್ತಾರೆ. ಅದಕ್ಕೂ ಮೊದಲು, 1943ರ ಕ್ರಿಸ್ಮಸ್ ಹಿಂದಿನ ದಿನ, ಅಗಲಿಕೆಯ ಬಗ್ಗೆ ಬರೆದದ್ದು ದುಃಖದಲ್ಲಿರುವವರಿಗೆ ನಾನು ಮತ್ತೆ ಮತ್ತೆ ಹೇಳುವ ವಿಚಾರ. ಪ್ರೀತಿಸಿದವರು ಬಿಟ್ಟುಹೋದ ಜಾಗವನ್ನು ಯಾವುದೂ ತುಂಬಲಾರದು, ತುಂಬಲು ನೋಡಲೂಬಾರದು. ದೇವರು ತುಂಬುತ್ತಾನೆ ಎನ್ನುವುದು ತಪ್ಪು, ಅವನು ಅದನ್ನು ಖಾಲಿಯಾಗಿಯೇ ಕಾಯುತ್ತಾನೆ, ಹಾಗಾಗಿ ನಂಟು ಉಳಿಯುತ್ತದೆ ಎಂಬ ಅರ್ಥ ಅದರದು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿ ದೇಹವನ್ನು ಸುಟ್ಟರು. ಎರಡು ವಾರದಲ್ಲಿ ಅಮೆರಿಕನ್ ಸೈನ್ಯ ಅಲ್ಲಿಗೆ ಬಂತು. ಲಿಯೋನಿನವರ ಹಾಗೆ ಅವರಿಗೂ ಸಮಾಧಿಯಿಲ್ಲ.

ಕೊನೆಯಲ್ಲಿ ಸ್ಮಶಾನದ ವಿಷಯ, ಸ್ವಲ್ಪ ಖಾರವಾಗಿಯೇ. ಜರ್ಮನಿಯ ಸ್ಯಾಕ್ಸನಿಯಲ್ಲಿ ಹೆರ್ನ್‌ಹುಟ್ ಎಂಬ ಊರಿದೆ, ಮೊರೇವಿಯನ್ ಕ್ರೈಸ್ತರದು. 1732ರ ಈಸ್ಟರ್ ದಿನ ಅಲ್ಲಿನ ಯುವಕರು ನಸುಕಿನಲ್ಲೇ ಸ್ಮಶಾನಕ್ಕೆ ಹೋಗಿ ಹಾಡುತ್ತ ಸೂರ್ಯೋದಯಕ್ಕೆ ಕಾದರು. ಆ ಸಭೆಯವರು ಇವತ್ತಿಗೂ ಕಾಯುತ್ತಾರೆ. ನಮ್ಮ ಪ್ರಾಟೆಸ್ಟಂಟ್ ಸಭೆಗಳಲ್ಲೂ ಈಸ್ಟರ್ ದಿನ ಬೆಳಕು ಹರಿಯುವ ಮುಂಚೆ ಸೇರುವ ರೂಢಿಯಿದೆ, ಕೆಲವು ಕಡೆ ಸ್ಮಶಾನದಲ್ಲೇ. ಹೆರ್ನ್‌ಹುಟ್ಟಿನ ಆ ಸ್ಮಶಾನದಲ್ಲಿ ಮನೆತನಕ್ಕೊಂದು ಜಾಗವಿಲ್ಲ. ಸತ್ತ ಸರದಿಯಂತೆ, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ, ನೆಲಕ್ಕೆ ಹಾಸಿದ ಒಂದೇ ಬಗೆಯ ಕಲ್ಲುಗಳು. ನೆರೆಯ ತಮಿಳುನಾಡಿನ ತಿರುಚಿರಾಪಳ್ಳಿಯ ಒಂದು ಕಥೋಲಿಕ ಸ್ಮಶಾನದಲ್ಲಾದರೋ ದಲಿತರ ಸಮಾಧಿಗಳನ್ನು ಬೇರೆ ಮಾಡಲು ನಡುವೆ ಗೋಡೆ ಕಟ್ಟಿದ್ದು ಎಲ್ಲರಿಗೂ ತಿಳಿದ ವಿಷಯ. ಕರ್ನಾಟಕದಲ್ಲಿ ಹಾಗಿಲ್ಲ ಎಂದು ಬೀಗುವ ಮುನ್ನ ನಮ್ಮ ಸ್ಮಶಾನಗಳಲ್ಲಿ ಅಮೃತಶಿಲೆ ಎಲ್ಲಿ ಮುಗಿಯುತ್ತದೆ, ಮಣ್ಣಿನ ದಿಬ್ಬ ಎಲ್ಲಿ ಶುರುವಾಗುತ್ತದೆ ಎಂದು ಒಂದು ಸುತ್ತು ನಡೆದು ನೋಡಿದರೆ ಒಳ್ಳೆಯದು. ಒಂದೇ ದಿನ ಒಟ್ಟಿಗೆ ಏಳುತ್ತೇವೆಂದು ಪ್ರತಿ ಭಾನುವಾರ ಎದ್ದು ನಿಂತು ಹೇಳುವವರು ನಾವು. ನಡುವೆ ಗೋಡೆ ಇರುವ ಸ್ಮಶಾನದಲ್ಲಿ ಈಸ್ಟರ್ ಬೆಳಗ್ಗೆ ಪಾದ್ರಿ ಯಾವ ಕಡೆ ನಿಂತು ಸುವಾರ್ತೆ ಓದಬೇಕು? ಉತ್ತರವನ್ನು ದೇವಶಾಸ್ತ್ರದ ಪ್ರಾಧ್ಯಾಪಕರಿಂದ ಕೇಳುವುದಕ್ಕಿಂತ ಆಯಾ ಊರಿನ ಚರ್ಚ್ ಸಮಿತಿಯಿಂದ, ಲಿಖಿತವಾಗಿ, ಕೇಳಬೇಕು.